ಎಪ್ಪತ್ತೈದು ಡಿಗ್ರಿ

ಮಾಲೀಕರು ಸಮ್ಮೇಳನಗಳಿಗೆ ಹೋದಾಗಲೆಲ್ಲ ಏನಾದರೊಂದು ತರುತ್ತಿದ್ದರು. ಒಮ್ಮೆ ಹೆಸರು ಕೊರೆಸಿದ ಪೆನ್ನು, ಒಮ್ಮೆ ಎರಡೇ ದಿನಕ್ಕೆ ಜಿಪ್ಪು ಕಿತ್ತುಹೋದ ಚೀಲ. ಆ ವರ್ಷ ಒಂದು ಯೋಚನೆ ತಂದರು. ಕೆಲಸದ ಜಾಗದಲ್ಲಿ ನಾಲ್ಕು ಜನರ ಮೇಲಿರುವವರಿಗೆ ನೀತಿಯನ್ನೂ ನಾಯಕತ್ವವನ್ನೂ ಕಥೆ ಓದಿಸಿ, ಸಿನಿಮಾ ತೋರಿಸಿ ಕಲಿಸಬೇಕು ಎನ್ನುವುದು ಆ ಯೋಚನೆ.

ಅವರದು ಲಾಂಡ್ರಿ. ಬೀದಿ ಮೂಲೆಯ ಇಸ್ತ್ರಿ ಅಂಗಡಿಯಲ್ಲ. ಒಂದು ದೊಡ್ಡ ಆಸ್ಪತ್ರೆಯ ಹಾಸು ಹೊದಿಕೆ, ಆಪರೇಷನ್ ಕೋಣೆಯ ಹಸಿರು ನಿಲುವಂಗಿ, ಎರಡು ಹೋಟೆಲುಗಳ ಟವೆಲ್ಲು, ಎಲ್ಲವನ್ನೂ ದಿನವೂ ಟನ್ನುಗಟ್ಟಲೆ ಒಗೆದು, ಒಣಗಿಸಿ, ಮಡಿಸಿ ಕಳಿಸುವ ಕಾರ್ಖಾನೆ. ಒಳಗೆ ಕಾಲಿಟ್ಟರೆ ಕನ್ನಡಕ ಮಂಜಾಗುತ್ತಿತ್ತು. ಪಾಠ ಮಾಡಲು ಯಾರನ್ನು ಕರೆಯುವುದು ಎಂಬ ಪ್ರಶ್ನೆ ಬಂದಾಗ ಮಾಲೀಕರ ಹೆಂಡತಿ ತಮ್ಮ ಕಾಲೇಜಿನ ಸಾಹಿತ್ಯದ ಮೇಡಂ ಹೆಸರು ಹೇಳಿದರು. ಮೇಡಂ ಮೂವತ್ತೊಂದು ವರ್ಷ ಪಾಠ ಹೇಳಿ ನಿವೃತ್ತರಾಗಿ ಎರಡು ವರ್ಷವಾಗಿತ್ತು. ನಿವೃತ್ತಿಯಾದ ಮೇಲೆ ಅವರ ಮಾತನ್ನು ಕೇಳುವ ಹಂಗು ಇದ್ದದ್ದು ತಂಗಿಯೊಬ್ಬಳಿಗೇ. ತಂಗಿಯೋ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ನರ್ಸಾಗಿದ್ದವಳು; ಹೇಳುವುದು ಅವಳಿಗೆ ರೂಢಿ, ಕೇಳುವುದು ಕಡಿಮೆ. ಮೇಡಂ ಫೋನಿನಲ್ಲೇ ಒಪ್ಪಿಕೊಂಡರು.

"ಬಟ್ಟೆ ಒಗೆಯೋರಿಗೆ ನೀನೇನು ಕಲಿಸ್ತೀಯ?" ಎಂದು ತಂಗಿ ಕೇಳಿದಳು.

"ನೀತಿ ಮತ್ತು ನಾಯಕತ್ವ."

"ಎಷ್ಟು ದಿನದಲ್ಲಿ?"

"ಎಂಟು ಬುಧವಾರ."

ತಂಗಿ, "ಅಷ್ಟು ಬೇಕಾ?" ಅಂದಳು.

ತರಗತಿ ನಡೆಯುತ್ತಿದ್ದದ್ದು ಮಹಡಿಯ ಮೇಲಿನ ಊಟದ ಕೋಣೆಯಲ್ಲಿ, ಮಧ್ಯಾಹ್ನ ಮೂರಕ್ಕೆ. ಕೆಳಗಿನ ದೊಡ್ಡ ಯಂತ್ರಗಳು ಬಟ್ಟೆ ಹಿಂಡುವ ಹೊತ್ತಿಗೆ ನೆಲ ನಡುಗುತ್ತಿತ್ತು, ಮೇಜಿನ ಮೇಲಿನ ಲೋಟಗಳು ಒಂದರ ಪಕ್ಕಕ್ಕೊಂದು ಸರಿಯುತ್ತಿದ್ದವು. ವಿದ್ಯಾರ್ಥಿಗಳು ಆರು ಜನ. ಎದುರಿನ ಕುರ್ಚಿಯಲ್ಲಿ ಮ್ಯಾನೇಜರು. ಅವರ ಹಿಂದೆ ಬಾಯ್ಲರ್ ನೋಡಿಕೊಳ್ಳುವ ಐವತ್ತು ದಾಟಿದ ಮನುಷ್ಯ; ಅವನನ್ನು ಎಲ್ಲರೂ ಹಬೆಯಣ್ಣ ಅನ್ನುತ್ತಿದ್ದರು. ಬಟ್ಟೆಯನ್ನು ಬಿಸಿ ಉರುಳೆಗಳ ಮೇಲೆ ಹಾಯಿಸಿ ಒಣಗಿಸಿ ಇಸ್ತ್ರಿ ಮಾಡುವ ವಿಭಾಗದ ಮುಖ್ಯಸ್ಥೆ ಇಸ್ತ್ರಿಯಕ್ಕ. ಬಟ್ಟೆ ಸಾಗಿಸುವವರ ಮೇಲಿದ್ದವನು ವ್ಯಾನಣ್ಣ. ಉಳಿದಿಬ್ಬರು ಒಗೆಯುವ ವಿಭಾಗದ ಮುಖ್ಯಸ್ಥ ಮತ್ತು ಉಗ್ರಾಣದವರು. ಈ ಇಬ್ಬರೂ ಐದು ವಾರ ತುಟಿ ಪಿಟಕ್ಕೆನ್ನದೆ ಕುಳಿತಿದ್ದು, ಬಿಸ್ಕತ್ತಿನ ತಟ್ಟೆ ತಮ್ಮ ಕಡೆ ಬಂದಾಗ ಮಾತ್ರ ತಲೆಯಾಡಿಸುತ್ತಿದ್ದರು.

ಮೊದಲ ದಿನ ಮೇಡಂ ತಾವು ಯಾವಾಗಲೂ ಹೇಳುತ್ತಿದ್ದ ಮಾತನ್ನೇ ಹೇಳಿದರು. "ಈ ಕೋಣೆಯಲ್ಲಿ ಆಡಿದ ಮಾತು ಈ ಕೋಣೆ ದಾಟಲ್ಲ. ಇದು ನನ್ನ ಮಾತು." ಕಾಲೇಜಿನಲ್ಲಿ ಈ ಮಾತಿಗೆ ಯಾವ ಖರ್ಚೂ ತಗಲಿರಲಿಲ್ಲ. ಅಲ್ಲಿ ಹುಡುಗರು ಕೋಣೆ ದಾಟಿಸಬೇಕಾದಂಥ ಮಾತನ್ನು ಆಡಿದ್ದೇ ಇಲ್ಲ.

ಎರಡನೆಯ ವಾರ ಒಂದು ಸಣ್ಣ ಕಥೆ ಓದಿದರು. ಒಂದು ಊರಿನ ಗೋಪುರದ ಗಡಿಯಾರ ಇಪ್ಪತ್ತು ವರ್ಷದಿಂದ ಎಂಟು ನಿಮಿಷ ಮುಂದಿರುತ್ತದೆ. ಊರಿಗೆಲ್ಲ ಗೊತ್ತು, ಎಲ್ಲರೂ ಮನಸ್ಸಿನಲ್ಲೇ ಎಂಟು ಕಳೆದುಕೊಳ್ಳುತ್ತಾರೆ. ಹೊಸದಾಗಿ ಬಂದ ಗಡಿಯಾರದವನು ಯಾರಿಗೂ ಹೇಳದೆ ಅದನ್ನು ಸರಿ ಮಾಡುತ್ತಾನೆ. ಮಾರನೆಯ ದಿನ ಊರಿಗೆ ಊರೇ ರೈಲು ತಪ್ಪಿಸಿಕೊಳ್ಳುತ್ತದೆ.

"ಅವನು ಮಾಡಿದ್ದು ಸರಿಯಾ?" ಎಂದು ಮೇಡಂ ಕೇಳಿದರು.

"ಮೊದಲು ಒಂದು ಸುತ್ತೋಲೆ ಕಳಿಸಬೇಕಿತ್ತು" ಅಂದರು ಮ್ಯಾನೇಜರು.

"ರೈಲಿನೋರಿಗೆ ಒಂದು ಮಾತು ಹೇಳಿದ್ರೆ ಅವರೇ ಎಂಟು ನಿಮಿಷ ನಿಲ್ಲಿಸ್ತಿದ್ರು" ಅಂದ ವ್ಯಾನಣ್ಣ. ಅವನ ಪ್ರಕಾರ ಲೋಕದ ಎಲ್ಲ ತೊಂದರೆಗೂ ಗಾಡಿ ಸ್ವಲ್ಪ ಹೊತ್ತು ನಿಲ್ಲಿಸುವುದೇ ಮದ್ದು.

ಹಬೆಯಣ್ಣ ಕೈಯೊರೆಸುವ ಬಟ್ಟೆಯನ್ನು ಮಡಿಸುತ್ತ ಕೂತಿದ್ದ. ಯಾರೂ ಕೇಳದೆ ಹೇಳಿದ: "ತಪ್ಪು ಎಲ್ಲರಿಗೂ ಗೊತ್ತಿದ್ರೆ ಪರವಾಗಿಲ್ಲ, ಹೇಗೋ ನಡೆಯುತ್ತೆ. ಹೊರಗಿನೋರು ಒಬ್ಬರು ಬಂದು ಆ ಗಡಿಯಾರ ನಂಬಿದ್ರೆ ಆಗ ಕಷ್ಟ."

ಈ ಕಥೆಯನ್ನು ಎಷ್ಟೋ ವರ್ಷ ಪಾಠ ಮಾಡಿದ್ದ ಮೇಡಂಗೆ ಯಾರೂ ಈ ಉತ್ತರ ಕೊಟ್ಟಿರಲಿಲ್ಲ. ಮನೆಗೆ ಹೋಗಿ ತಂಗಿಗೆ ಹೇಳಿ ಹಿಗ್ಗಿದರು. ತಂಗಿ, "ಬಾಯ್ಲರ್ ಮುಂದೆ ನಿಂತೋರಿಗೆ ಯೋಚನೆ ಮಾಡೋಕೆ ಹೊತ್ತು ಸಿಗುತ್ತೆ" ಅಂದಳು.

ಐದನೆಯ ಬುಧವಾರ ಸಿನಿಮಾ. ಪರದೆ ಇರಲಿಲ್ಲ. ಇಸ್ತ್ರಿಯಕ್ಕ ಕೆಳಗಿನಿಂದ ಒಂದು ಬಿಳಿ ಚಾದರ ತಂದು ಗೋಡೆಗೆ ಕಟ್ಟಿಸಿದಳು. ಒಂದು ಸುಕ್ಕು ಕಂಡಿತೆಂದು ಅದನ್ನು ಬಿಚ್ಚಿಸಿ ಇನ್ನೊಂದು ತಂದಳು. ಚಾದರದ ಕೆಳ ಮೂಲೆಯಲ್ಲಿ ಶಸ್ತ್ರಚಿಕಿತ್ಸೆ ವಾರ್ಡು ಎಂಬ ನೀಲಿ ಮುದ್ರೆ ಇತ್ತು. ಸಿನಿಮಾದ ಸಮುದ್ರದಲ್ಲಿ ಕೊನೆಯತನಕ ಆ ಮುದ್ರೆ ತೇಲುತ್ತಲೇ ಇತ್ತು. ಸಿನಿಮಾ ಶುರುವಾಗುವ ಮುಂಚೆ ಮ್ಯಾನೇಜರಿಗೆ ಫೋನು ಬಂತು. ಮಾತಾಡುತ್ತ ಹೊರಗೆ ಹೋದವರು ಅವತ್ತು ವಾಪಸು ಬರಲಿಲ್ಲ.

ಬಣ್ಣವಿಲ್ಲದ ಹಳೆಯ ಸಿನಿಮಾ. ನಡುಗಡಲಲ್ಲಿ ಹಡಗಿನ ಯಂತ್ರ ಕೆಟ್ಟಿದೆ. ನಾಯಕನಿಗೆ ದಡ ಎಲ್ಲಿದೆ ಗೊತ್ತಿಲ್ಲ. ದಿನ ಬೆಳಗಾದರೆ ಪ್ರಯಾಣಿಕರ ಮುಂದೆ ನಿಂತು, ನಾಳೆ ದಡ ಕಾಣುತ್ತದೆ ಎನ್ನುತ್ತಾನೆ. ದಿನಚರಿಯ ಪುಸ್ತಕದಲ್ಲೂ ಎಲ್ಲ ಸರಿಯಾಗಿದೆ ಎಂದು ಬರೆಯುತ್ತಾನೆ. ಹತ್ತನೆಯ ದಿನ ಅದೃಷ್ಟಕ್ಕೆ ದಡ ಕಂಡೇ ಬಿಡುತ್ತದೆ. ಜನ ಅವನನ್ನು ಹೆಗಲ ಮೇಲೆ ಹೊತ್ತು ಇಳಿಸುತ್ತಾರೆ.

ದೀಪ ಹಾಕಿದ ಮೇಲೆ ಮೇಡಂ ಕೇಳಿದರು: "ಇವನು ಒಳ್ಳೇ ನಾಯಕನಾ?"

"ಒಳ್ಳೇವನೇ" ಅಂದ ವ್ಯಾನಣ್ಣ. "ಜನ ಗಾಬರಿಯಾಗಲಿಲ್ಲ. ಎಲ್ಲರೂ ಕ್ಷೇಮವಾಗಿ ಇಳಿದ್ರು."

"ಕಾಣದೇ ಹೋಗಿದ್ರೆ?" ಅಂದಳು ಇಸ್ತ್ರಿಯಕ್ಕ.

"ಕಾಣ್ತಲ್ಲ."

"ಕಾಣ್ತು ಅಂತ ಒಳ್ಳೇವನಾ, ಇಲ್ಲ ಒಳ್ಳೇವನು ಅಂತ ಕಾಣ್ತಾ?"

ವ್ಯಾನಣ್ಣ ಬಿಸ್ಕತ್ತು ತೆಗೆದುಕೊಂಡ. ಕೆಳಗೆ ಯಂತ್ರ ಹಿಂಡತೊಡಗಿ ಲೋಟಗಳು ಸರಿದವು. ಅದು ನಿಂತ ಮೇಲೆ ಹಬೆಯಣ್ಣ ಮಾತಾಡಿದ.

"ನಾನು ಹನ್ನೊಂದು ದಿನ ಬರೆದೆ" ಅಂದ.

ಏನನ್ನು ಎಂದು ಮೇಡಂ ಕೇಳಿದರು. ಹಬೆಯಣ್ಣ ನಿಧಾನವಾಗಿ, ಯಂತ್ರದ ಭಾಗಗಳನ್ನು ಹೊಸಬರಿಗೆ ತೋರಿಸುವವನ ಹಾಗೆ, ಒಂದೊಂದೇ ಹೇಳಿದ. ಆಸ್ಪತ್ರೆಯ ಬಟ್ಟೆ ಒಗೆಯುವ ನೀರು ಎಪ್ಪತ್ತೈದು ಡಿಗ್ರಿ ಇರಬೇಕು. ಇಲ್ಲದಿದ್ದರೆ ಕಲೆ ಹೋಗುತ್ತದೆ, ಕ್ರಿಮಿ ಹೋಗುವುದಿಲ್ಲ. ದಿನಕ್ಕೆ ನಾಲ್ಕು ಸಲ ಅಳತೆ ನೋಡಿ ಪುಸ್ತಕದಲ್ಲಿ ಬರೆದು ಸಹಿ ಹಾಕುವುದು ಅವನ ಕೆಲಸ. ಹೋದ ವರ್ಷ ಬಾಯ್ಲರಿನ ಬರ್ನರು ಕೆಟ್ಟು ನೀರು ಐವತ್ತರ ಮೇಲೆ ಏರಲಿಲ್ಲ. ಮ್ಯಾನೇಜರಿಗೆ ಹೇಳಿದ. ಅವರು, ಹೊಸದು ಬರುವವರೆಗೂ ಬರ್ಕೊಂಡು ಹೋಗಿ ಅಂದರು. ಹನ್ನೊಂದು ದಿನ ಎಪ್ಪತ್ತೈದು ಎಂದು ಬರೆದ. ಹನ್ನೆರಡನೆಯ ದಿನ ಬರ್ನರು ಬಂತು, ಆದರೆ ಅದು ಬೇರೆ ಮಾದರಿಯದು. ಉಜ್ಜಿ ಉಜ್ಜಿ ಕೂರಿಸಿದರು. ಅವತ್ತಿನಿಂದ ವಾರದಲ್ಲಿ ಒಂದೆರಡು ದಿನ ಬಿಸಿ ಇಳಿಯುತ್ತದೆ.

"ಆ ದಿನ ಏನು ಬರೀತೀರಿ?" ಎಂದು ಮೇಡಂ ಕೇಳಿದರು.

"ಎಪ್ಪತ್ತೈದು. ಕೈಗೆ ರೂಢಿಯಾಗಿದೆ."

ಇಸ್ತ್ರಿಯಕ್ಕ ಚಾದರದ ಕಡೆ ನೋಡುತ್ತಿದ್ದಳು. "ಆ ಹನ್ನೊಂದು ದಿನ ನಮ್ಮ ಉರುಳೆನೂ ಕಾದಿರಲಿಲ್ಲ. ಬಟ್ಟೆ ಹಸಿಹಸಿ ಬರ್ತಿತ್ತು. ಎರಡೆರಡು ಸಲ ಹಾಯಿಸಿದ್ವಿ" ಅಂದಳು. ಉಳಿದವರ ಮುಖ ನೋಡಿದ ಮೇಡಂಗೆ ಅರ್ಥವಾಯಿತು: ಇದು ಅಲ್ಲಿ ಯಾರಿಗೂ ಹೊಸ ಸುದ್ದಿಯಲ್ಲ. ಗೊತ್ತಿಲ್ಲದವರು ತಾವೊಬ್ಬರೇ.

ಮನೆಗೆ ಹೋದ ಮೇಡಂ ತಂಗಿಗೆ ಏನೂ ಹೇಳಲಿಲ್ಲ. ಟೀ ಮಾಡಿ ಸಕ್ಕರೆ ಮರೆತರು. ಟಿ.ವಿ. ಹಾಕಿ, ಸುದ್ದಿ ಓದುವವಳ ಬಾಯಿಯನ್ನೇ ನೋಡುತ್ತ ಕೂತರು. ಮೂವತ್ತು ವರ್ಷ ರೋಗಿಗಳ ಮುಖ ನೋಡಿಯೇ ಜ್ವರ ಎಷ್ಟಿದೆ ಹೇಳುತ್ತಿದ್ದ ತಂಗಿಗೆ ಇಷ್ಟು ಸಾಕಾಗಿತ್ತು.

"ಏನು ಹೊಟ್ಟೆಯೊಳಗೆ ಇಟ್ಟುಕೊಂಡಿದ್ದೀಯ, ಹೇಳು."

"ಹೇಳೋ ಹಾಗಿಲ್ಲ. ಮಾತು ಕೊಟ್ಟಿದ್ದೀನಿ."

"ಯಾರಿಗೆ?"

"ತರಗತಿಯೋರಿಗೆ."

"ಕಳ್ಳತನನಾ?"

"ಅಲ್ಲ."

"ಯಾರಿಗಾದ್ರೂ ಪೆಟ್ಟಾಗೋ ವಿಷಯನಾ?"

ಮೇಡಂ ಟಿ.ವಿ.ಯ ದನಿ ಹೆಚ್ಚಿಸಿದರು. ತಂಗಿಗೆ ಅದೇ ಉತ್ತರವಾಯಿತು. ಅರ್ಧ ಗಂಟೆಯಲ್ಲಿ ತಂಗಿ ಎಲ್ಲವನ್ನೂ ಹೊರಗೆ ತೆಗೆದಳು. ಮಾತು ಕೊಟ್ಟದ್ದು ಕೋಣೆಗೆ, ಮುರಿದದ್ದು ಟಿ.ವಿ. ಮುಂದೆ. ಮುರಿದ ಮೇಲೆ ಮೇಡಂಗೆ ಹಗುರವಾಗಲಿಲ್ಲ, ನಾಚಿಕೆಯಾಯಿತು.

ತಂಗಿ ಕೂತಲ್ಲಿಂದ ಎದ್ದಿದ್ದಳು. "ಅದು ನನ್ನ ಆಸ್ಪತ್ರೆ, ಅಕ್ಕ. ಆ ನೀಲಿ ಮುದ್ರೆ ನನ್ನ ವಾರ್ಡಿನದು. ಹೊಟ್ಟೆ ಕೊಯ್ದಿರೋರನ್ನ ಮಲಗಿಸೋದು ಆ ಚಾದರದ ಮೇಲೆ. ಇವತ್ತೂ ಮಲಗಿಸಿದಾರೆ."

"ಗೊತ್ತು."

"ಗೊತ್ತಿದ್ದೂ ಸುದ್ದಿ ನೋಡ್ತಾ ಕೂತಿದ್ದೀಯ."

"ನನ್ನ ನಂಬಿ ಹೇಳಿದ, ಅವನು. ಯಾರೂ ಕೇಳದೇ ಇದ್ದಾಗ ಬಾಯಿಬಿಟ್ಟ. ನಾನು ಹೋಗಿ ಚಾಡಿ ಹೇಳಿದ್ರೆ ಇನ್ನು ಅಲ್ಲಿ ಯಾರು ನಿಜ ಹೇಳ್ತಾರೆ?"

"ಅಲ್ಲಿ ಎಲ್ಲರೂ ನಿಜ ಹೇಳಿ ಮುಗಿಸಿದಾರೆ. ಹೇಳಬೇಕಾಗಿರೋದು ಇನ್ನು ಆಸ್ಪತ್ರೆಗೆ" ಅಂದಳು ತಂಗಿ. "ನಾನಂತೂ ಯಾರಿಗೂ ಮಾತು ಕೊಟ್ಟಿಲ್ಲ. ಈಗಲೇ ಫೋನ್ ಮಾಡ್ತೀನಿ."

ಮೇಡಂ ತಂಗಿಯ ಕೈ ಹಿಡಿದುಕೊಂಡರು. ಇಬ್ಬರೂ ಹಾಗೆ ಕೈ ಹಿಡಿದು ವರ್ಷಗಳೇ ಆಗಿದ್ದರಿಂದ ತಂಗಿ ಮತ್ತೆ ಕೂತಳು. ಮೇಡಂ ಹೇಳಿದರು: "ಒಂದು ದಿನ ಕೊಡು. ನಾಳೆ ಅವರಿಗೆ ಹೇಳ್ತೀನಿ, ನಾಡಿದ್ದು ಮಾಲೀಕರಿಗೆ ಹೇಳ್ತೀನಿ. ಬೆನ್ನ ಹಿಂದೆ ಹೇಳೋದು ಬೇಡ, ಎದುರಿಗೆ ಹೇಳಿ ಹೋಗ್ತೀನಿ."

"ನಾಳೆ ಹೋಗೋ ಚಾದರ?"

ಮೇಡಂ ಹಿಡಿದ ಕೈ ಬಿಡಲಿಲ್ಲ. ತಂಗಿ ಕೊನೆಗೆ ಒಪ್ಪಿದಳಾದರೂ ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ ತಾನೇ ಫೋನ್ ಮಾಡುವುದಾಗಿ ಹೇಳಿ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿದಳು.

ಗುರುವಾರ ಮಧ್ಯಾಹ್ನ ಊಟದ ಬಿಡುವಿಗೆ ಮೇಡಂ ಲಾಂಡ್ರಿಗೆ ಹೋದರು. ಡಬ್ಬಿ ಬಿಚ್ಚಿಕೊಂಡು ಕೂತಿದ್ದವರು, ಬುಧವಾರವಲ್ಲದ ದಿನ ಮೇಡಂ ಬಂದದ್ದು ನೋಡಿ ಕೈ ತಡೆದರು. ಮ್ಯಾನೇಜರು ಅಲ್ಲಿ ಉಣ್ಣುತ್ತಿರಲಿಲ್ಲ. ಅವರಿಗೆ ಬೇರೆ ಕೋಣೆಯಿತ್ತು. ಮೇಡಂ ಕುರ್ಚಿ ಎಳೆದುಕೊಳ್ಳದೆ ನಿಂತೇ ಹೇಳಿದರು.

"ಇಲ್ಲಿ ಆಡಿದ್ದು ಹೊರಗೆ ಹೋಗಲ್ಲ ಅಂದಿದ್ದೆ. ಆ ಮಾತು ಕೊಡೋ ಅಧಿಕಾರ ನನಗಿರಲಿಲ್ಲ. ಏನು ಬರಬಹುದು ಅಂತ ಯೋಚನೆ ಮಾಡದೆ ಕೊಟ್ಟೆ. ನೆನ್ನೆ ಮನೇಲಿ ತಂಗಿಗೆ ಹೇಳಿಯೂ ಬಿಟ್ಟೆ, ಅದೂ ತಪ್ಪು. ನಾಳೆ ಹತ್ತು ಗಂಟೆಗೆ ಮಾಲೀಕರ ಹತ್ತಿರ ಹೋಗಿ ನೀರಿನ ವಿಷಯ ಹೇಳ್ತೀನಿ. ನಿಮಗೆ ಹೇಳದೆ ಹೋಗಬಾರದು ಅಂತ ಬಂದೆ. ಯಾರ ಹೆಸರೂ ಹೇಳಲ್ಲ."

ಹಬೆಯಣ್ಣ ಬಾಯಲ್ಲಿದ್ದದ್ದನ್ನು ಅಗಿದು ನುಂಗಿದ.

"ಹೆಸರು ಹೇಳಲ್ವಾ?" ಅಂದ.

"ಇಲ್ಲ."

"ಇರೋದು ಒಂದೇ ಬಾಯ್ಲರ್, ಮೇಡಂ."

ಮೇಡಂಗೆ ಅದು ಹೊಳೆದಿರಲಿಲ್ಲ. ಇಸ್ತ್ರಿಯಕ್ಕ ಡಬ್ಬಿಯ ಮುಚ್ಚಳ ಹಾಕಿ ಎದ್ದು ಬಂದಳು. ಅವಳು ದನಿ ಎತ್ತಲಿಲ್ಲ. ಎತ್ತಿದ್ದರೆ ಮೇಡಂಗೆ ಕೇಳುವುದು ಸುಲಭವಾಗುತ್ತಿತ್ತು.

"ನನ್ನ ಕೈಕೆಳಗೆ ಹದಿನೆಂಟು ಹೆಂಗಸರಿದಾರೆ. ಆಸ್ಪತ್ರೆಯೋರು ಕೆಲಸ ನಿಲ್ಲಿಸಿದ್ರೆ ಮೊದಲು ಮನೆಗೆ ಹೋಗೋದು ಅವರು. ಮ್ಯಾನೇಜರಲ್ಲ, ನೀವಲ್ಲ."

"ಗೊತ್ತು."

"ಗೊತ್ತಿಲ್ಲ ನಿಮಗೆ. ನೀವು ಕಥೆ ಓದಿದ್ರಿ, ಸಿನಿಮಾ ತೋರಿಸಿದ್ರಿ, ಹೇಗಿತ್ತು ಅಂತ ಕೇಳಿದ್ರಿ. ಈಯಪ್ಪ ಕೇಳಿದ್ದಕ್ಕೆ ಹೇಳಿದ. ಮಕ್ಕಳ ಹಾಗೆ ನಂಬಿದ."

ಮೇಡಂ ಹೂಂ ಅಂದರು. ತಮ್ಮ ಪರವಾಗಿ ಹೇಳಲು ಅವರಲ್ಲಿ ಮಾತಿರಲಿಲ್ಲವೆಂದಲ್ಲ. ಮೂರು ನಾಲ್ಕು ಒಳ್ಳೆಯ ವಾಕ್ಯಗಳು ತಾವಾಗಿ ನಾಲಿಗೆಗೆ ಬಂದಿದ್ದವು. ಅವು ಅಷ್ಟು ಸಲೀಸಾಗಿ ಬಂದದ್ದರಿಂದಲೇ ನುಂಗಿಕೊಂಡರು. ಹೊರಡುವ ಮುಂಚೆ ಹಬೆಯಣ್ಣನ ಕಡೆ ತಿರುಗಿ, "ಇವತ್ತು ನೀರು ಎಷ್ಟಿದೆ?" ಎಂದು ಕೇಳಿದರು.

"ಎಪ್ಪತ್ತಾರು. ಬೆಳಿಗ್ಗೆಯಿಂದ ಅಲ್ಲೇ ನಿಂತಿದ್ದೆ" ಅಂದ. ಡಬ್ಬಿ ಮುಚ್ಚುತ್ತ, "ಎಪ್ಪತ್ತಾರು ಅಂತಲೇ ಬರೆದಿದೀನಿ" ಅಂತ ಸೇರಿಸಿದ.

ಶುಕ್ರವಾರ ಹತ್ತಕ್ಕೆ ಐದು ನಿಮಿಷ ಮುಂಚೆ ಮೇಡಂ ಮಾಲೀಕರ ಕೋಣೆಯ ಮುಂದೆ ಬಂದಾಗ, ಹೊರಗಿನ ಬೆಂಚಿನ ಮೇಲೆ ಐದು ಜನ ಸಾಲಾಗಿ ಕೂತಿದ್ದರು. ಒಗೆದ ಸಮವಸ್ತ್ರ, ಬಾಚಿದ ತಲೆ. ಹಬೆಯಣ್ಣನ ತೊಡೆಯ ಮೇಲೆ ಅಳತೆಯ ಪುಸ್ತಕ. ಮೇಡಂ ತಮ್ಮ ಪಾಠ ಫಲ ಕೊಟ್ಟಿತೆಂದು ಒಂದು ಕ್ಷಣ ಅಂದುಕೊಂಡರು.

"ನಾವೇ ಹೇಳ್ತೀವಿ" ಅಂದಳು ಇಸ್ತ್ರಿಯಕ್ಕ, ಇನ್ನೂ ಮುಖ ಗಂಟಿಕ್ಕಿಕೊಂಡೇ. "ನೆನ್ನೆ ಸಂಜೆವರೆಗೂ ಜಗಳ ಆಡಿದ್ವಿ. ನಿಮಗೆ ಬಾಯ್ಲರ್ ಬಗ್ಗೆ ಏನೂ ಗೊತ್ತಿಲ್ಲ. ನೀವು ಹೇಳಿದ್ರೆ ಎಲ್ಲ ತಪ್ಪು ತಪ್ಪು ಹೇಳ್ತೀರಿ. ಇರೋದಕ್ಕಿಂತ ದೊಡ್ಡದಾಗುತ್ತೆ."

"ಬರ್ನರ್ ಅಂದ್ರೆ ಏನು ಅಂತ ಕೇಳಿದ್ರೆ ಹೇಳ್ತಿದ್ರಾ?" ಎಂದು ವ್ಯಾನಣ್ಣ ಕುತೂಹಲಕ್ಕೆ ಕೇಳಿದ.

"ಇಲ್ಲ" ಎಂದು ಮೇಡಂ ಒಪ್ಪಿಕೊಂಡರು.

ಮಾಲೀಕರು ಆರು ಜನ ಒಟ್ಟಿಗೆ ಬಂದದ್ದು ನೋಡಿ ತರಗತಿಯ ಬಗ್ಗೆ ಧನ್ಯವಾದ ಹೇಳಲು ಬಂದಿದ್ದಾರೆಂದು ತಿಳಿದು ನಕ್ಕರು. ಹಬೆಯಣ್ಣ ಪುಸ್ತಕವನ್ನು ಅವರ ಮೇಜಿನ ಮೇಲೆ ಬಿಚ್ಚಿಟ್ಟು, ಯಾವ ದಿನದಿಂದ ಯಾವ ದಿನದವರೆಗೆ ಸುಳ್ಳು ಬರೆದಿದೆ ಎಂದು ಬೆರಳಿಟ್ಟು ತೋರಿಸಿದ. ಅಲ್ಲಿಂದ ಈಚೆಗಿನ ಸುಳ್ಳು ದಿನಗಳಿಗೆ ಪೆನ್ಸಿಲಿನಲ್ಲಿ ಚುಕ್ಕೆ ಹಾಕಿಕೊಂಡು ಬಂದಿದ್ದ. ಮೂವತ್ತೆಂಟು ಚುಕ್ಕೆಗಳಿದ್ದವು. ನೆನಪಿದ್ದಷ್ಟು, ಅಂದ.

ಮಾಲೀಕರು ಹಾಳೆ ತಿರುವಿದರು. ನಗು ಯಾವಾಗ ಹೋಯಿತೋ ಯಾರೂ ಗಮನಿಸಲಿಲ್ಲ. "ನನಗೆ ಯಾರೂ ಯಾಕೆ ಹೇಳಲಿಲ್ಲ?" ಎಂದು ಕೇಳಿದರು.

"ನೀವು ದಿನಾ ಫೋನ್ ಮಾಡ್ತಿದ್ರಿ, ಸಾರ್" ಅಂದಳು ಇಸ್ತ್ರಿಯಕ್ಕ. "ಎಷ್ಟು ಚಾದರ ಹೋಯ್ತು ಅಂತ ಕೇಳ್ತಿದ್ರಿ. ಎಷ್ಟು ಹೋಯ್ತೋ ಅಷ್ಟು ಹೇಳ್ತಿದ್ವಿ."

ಮ್ಯಾನೇಜರನ್ನು ಕರೆಸಿದರು. ಅವರು ಬಂದು ಪುಸ್ತಕ ನೋಡಿ, ಹಬೆಯಣ್ಣನನ್ನು ನೋಡಿ, ಕೊನೆಗೆ ಮೇಡಂ ಕಡೆ ನೋಡಿದರು. "ನಾನು ಬರ್ಕೊಳ್ಳಿ ಅಂದಿದ್ದು ನಿಜ, ಸಾರ್. ಎಪ್ಪತ್ತೈದು ಅಂತ ಬರ್ಕೊಳ್ಳಿ ಅನ್ನಲಿಲ್ಲ."

ಹಬೆಯಣ್ಣ ಪುಸ್ತಕದ ಕಡೆ ನೋಡಿ, "ಅದು ನಿಜ. ಸಂಖ್ಯೆ ನಂದೇ" ಅಂದ.

ಮೇಡಂ ಆ ಕೋಣೆಯಲ್ಲಿ ಒಂದೇ ಒಂದು ಮಾತು ಆಡಿದರು. ಮಾಲೀಕರು ಪುಸ್ತಕ ಮುಚ್ಚಿ, ಸೋಮವಾರ ವಕೀಲರನ್ನು ಕೇಳಿ ನೋಡೋಣ ಅಂದಾಗ, "ಹನ್ನೊಂದು ಗಂಟೆಗೆ ನನ್ನ ತಂಗಿ ಆಸ್ಪತ್ರೆಗೆ ಫೋನ್ ಮಾಡ್ತಾಳೆ, ಅವಳು ಗಡಿಯಾರ ನೋಡ್ತಾ ಕೂತಿರ್ತಾಳೆ" ಅಂದರು. ಗಂಟೆ ಹತ್ತೂ ನಲವತ್ತಾಗಿತ್ತು. ಮಾಲೀಕರು ಗಡಿಯಾರ ನೋಡಿದರು, ಕಿಟಕಿಯಾಚೆ ಚಾದರ ತುಂಬಿಕೊಂಡು ಹೊರಡಲು ನಿಂತಿದ್ದ ವ್ಯಾನನ್ನು ನೋಡಿದರು. ವ್ಯಾನಣ್ಣ ಯಾರ ಅಪ್ಪಣೆಗೂ ಕಾಯದೆ ಕೆಳಗಿಳಿದು ಹೋಗಿ ಗಾಡಿ ನಿಲ್ಲಿಸಿದ. ಮಾಲೀಕರು ತಾವೇ ಫೋನ್ ಎತ್ತಿದರು. ಆಸ್ಪತ್ರೆಯವರಿಗೆ ಹೇಳುವಾಗ ಅವರ ದನಿ ಎರಡು ಸಲ ನಿಂತಿತು. ಆದರೂ ಮೊದಲಿನಿಂದ ಕೊನೆಯವರೆಗೆ ಹೇಳಿದರು, ಏನನ್ನೂ ಮುಚ್ಚಿಡಲಿಲ್ಲ. ಆ ಫೋನಿನ ವಿಷಯದಲ್ಲಿ ಮೇಡಂಗೆ ಅವರ ಮೇಲೆ ಗೌರವ ಉಳಿಯಿತು.

ಆಮೇಲೆ ಆದದ್ದನ್ನೆಲ್ಲ ಒಂದೇ ಬಣ್ಣದಲ್ಲಿ ಹೇಳುವುದು ಕಷ್ಟ. ಆಸ್ಪತ್ರೆಯವರು ಮೂರು ತಿಂಗಳು ಕೆಲಸ ಬೇರೆಯವರಿಗೆ ಕೊಟ್ಟರು. ಇಸ್ತ್ರಿಯಕ್ಕನ ಹದಿನೆಂಟು ಹೆಂಗಸರಲ್ಲಿ ಏಳು ಜನ ಮನೆಗೆ ಹೋದರು. ಅವರಲ್ಲಿ ನಾಲ್ವರು ಆಮೇಲೆ ವಾಪಸು ಬಂದರು, ಮೂವರು ಬರಲಿಲ್ಲ. ಮ್ಯಾನೇಜರಿಗೆ ಹೋಟೆಲ್ ಟವೆಲ್ಲುಗಳ ಜವಾಬ್ದಾರಿ ಮಾತ್ರ ಉಳಿಯಿತು. ಹಬೆಯಣ್ಣನನ್ನು ಒಂದು ತಿಂಗಳು ಕೆಲಸದಿಂದ ದೂರ ಇಟ್ಟರು. ಪೂರ್ತಿ ತೆಗೆಯಬೇಕೆಂದೇ ಇದ್ದರು, ಆದರೆ ಆ ಬಾಯ್ಲರಿನ ಮಾತು ಬೇರೆ ಯಾರಿಗೂ ಅರ್ಥವಾಗುತ್ತಿರಲಿಲ್ಲ. ಮಾಲೀಕರು ಹೊಸ ಬಾಯ್ಲರಿಗೆ ಆರ್ಡರ್ ಕೊಟ್ಟರು. ಮೇಡಂಗೂ ಒಂದು ಫೋನ್ ಮಾಡಿ, ಉಳಿದ ಮೂರು ಬುಧವಾರ ಸದ್ಯಕ್ಕೆ ಬೇಡ ಅಂದರು. "ನಾಯಕರನ್ನ ಮಾಡಿ ಅಂತ ಕರೆಸಿದ್ದೆ, ಮೇಡಂ. ನೀವು ನನ್ನ ಕಾರ್ಖಾನೆ ನಿಲ್ಲಿಸಿದ್ರಿ." ಅದು ಬೈಗುಳವೋ ಅಲ್ಲವೋ ಮೇಡಂಗೆ ತಿಳಿಯಲಿಲ್ಲ. ಮಾಲೀಕರಿಗೂ ತಿಳಿದಿದ್ದ ಹಾಗೆ ಕಾಣಲಿಲ್ಲ.

ಇಸ್ತ್ರಿಯಕ್ಕ ಒಮ್ಮೆ ಮಾರುಕಟ್ಟೆಯಲ್ಲಿ ಎದುರಾದಳು. ನಿಂತು ಮಾತಾಡಿಸಿದಳು. ಆರೋಗ್ಯ ವಿಚಾರಿಸಿದಳು. ವಾಪಸು ಬಾರದ ಮೂವರ ಹೆಸರು ಒಂದೊಂದಾಗಿ ಹೇಳಿ, ಒಬ್ಬಳಿಗೆ ಇನ್ನೂ ಎಲ್ಲೂ ಕೆಲಸ ಸಿಕ್ಕಿಲ್ಲ ಅಂದಳು. ಆಮೇಲೆ ತರಕಾರಿ ಚೀಲ ಇನ್ನೊಂದು ಕೈಗೆ ಬದಲಿಸಿಕೊಂಡು ಹೋದಳು. ಮೇಡಂ ಆ ಮೂರು ಹೆಸರುಗಳನ್ನು ಮನೆಯವರೆಗೂ ಬಾಯಲ್ಲಿ ಹೇಳಿಕೊಳ್ಳುತ್ತಲೇ ನಡೆದರು.

ಅದಕ್ಕೂ ಮುಂಚೆ, ಅಮಾನತಿನ ನಾಲ್ಕನೆಯ ವಾರ, ಒಂದು ಸಂಜೆ ನಾಲ್ಕು ಗಂಟೆಗೆ ಹಬೆಯಣ್ಣ ಸೈಕಲ್ಲಿನಲ್ಲಿ ಮೇಡಂ ಮನೆಗೆ ಬಂದ. ಬೈಯಲು ಬಂದಿದ್ದಾನೆಂದು ಮೇಡಂ ಅಂದುಕೊಂಡರು. ಅವನು ಚಪ್ಪಲಿ ಬಿಟ್ಟು ಒಳಗೆ ಬಂದು ಕುರ್ಚಿಯ ಅಂಚಿನಲ್ಲಿ ಕೂತ.

"ನಿಮ್ಮ ತಂಗಿಯೋರು ಇದ್ದಾರಾ? ಅವರನ್ನ ಒಂದು ಮಾತು ಕೇಳಬೇಕಿತ್ತು."

ತಂಗಿ ಟೀ ತಂದು ಎದುರಿಗೆ ಕೂತಳು.

"ಆ ಹನ್ನೊಂದು ದಿನದಲ್ಲಿ ಯಾರಿಗಾದ್ರೂ ಏನಾದ್ರೂ ಆಯ್ತಾ, ಅಮ್ಮ?" ಎಂದು ಅವನು ಕೇಳಿದ.

ತಂಗಿ ಹಳೆಯ ಗೆಳತಿಯರನ್ನು ಹಿಡಿದು ಆಸ್ಪತ್ರೆಯ ದಾಖಲೆಗಳಲ್ಲಿ ಏನಿದೆ ಎಂದು ಕೇಳಿಕೊಂಡು ಬಂದಿದ್ದು ಮೇಡಂಗೆ ಗೊತ್ತಿತ್ತು. ಏನು ಸಿಕ್ಕಿತೆಂದು ಕೇಳುವ ಧೈರ್ಯ ತಾವೇ ಮಾಡಿರಲಿಲ್ಲ.

"ಒಂಬತ್ತು ಜನಕ್ಕೆ ಗಾಯ ಕೀವಾಗಿದೆ" ಅಂದಳು ತಂಗಿ. "ಅಷ್ಟು ದಿನಕ್ಕೆ ಮಾಮೂಲಾಗಿ ಆರೇಳು ಜನಕ್ಕೆ ಆಗುತ್ತೆ. ಹೆಚ್ಚಿಗೆ ಆದ ಇಬ್ಬರೋ ಮೂವರೋ ಚಾದರದಿಂದ ಆಗಿದ್ದಾ, ಬೇರೆ ಯಾವುದರಿಂದಾದರೂ ಆಗಿದ್ದಾ, ಯಾರೂ ಹೇಳೋಕಾಗಲ್ಲ. ಇನ್ನು ಮೇಲೂ ಗೊತ್ತಾಗಲ್ಲ."

"ಬದುಕಿದಾರಾ?"

"ಎಲ್ಲರೂ ಮನೆಗೆ ಹೋಗಿದಾರೆ. ಮೊಣಕಾಲಿನ ಆಪರೇಷನ್ ಆದ ಒಬ್ಬ ಹೆಂಗಸು ಎರಡು ತಿಂಗಳು ತಡವಾಗಿ ಹೋದಳು."

"ಎರಡು ತಿಂಗಳು" ಅಂದ ಹಬೆಯಣ್ಣ.

"ಹೂಂ."

ತಂಗಿ ಅವನನ್ನು ಸಮಾಧಾನ ಮಾಡಲಿಲ್ಲ. ಅವನೂ ಅದಕ್ಕಾಗಿ ಬಂದ ಹಾಗಿರಲಿಲ್ಲ. ಟೀ ಮುಗಿಸಿ ಲೋಟ ಕೆಳಗಿಟ್ಟ. ಆಮೇಲೆ ಅವನು ಮುಂದಿನ ಸೋಮವಾರದಿಂದ ಕೆಲಸಕ್ಕೆ ಬರಲು ಹೇಳಿದ್ದಾರೆಂದೂ, ಹೊಸ ಬಾಯ್ಲರಿಗೆ ಕಟ್ಟೆ ಕಟ್ಟುತ್ತಿರುವವರು ಮಟ್ಟ ಸರಿಯಾಗಿ ನೋಡುವುದಿಲ್ಲವೆಂದೂ, ರಜೆಯಲ್ಲೇ ಎರಡು ಸಲ ಹೋಗಿ ಗೇಟಿನ ಹೊರಗಿನಿಂದ ನೋಡಿಬಂದೆನೆಂದೂ ಹೇಳಿದ. ತಂಗಿ ಹೊಸದರ ಅಳತೆಯನ್ನು ಯಾರು ಬರೆಯುತ್ತಾರೆಂದು ಕೇಳಿದಳು. "ಅದೇ ಬರ್ಕೊಳ್ಳುತ್ತಂತೆ" ಅಂದ. "ನಾನು ಪಕ್ಕದಲ್ಲಿ ಇನ್ನೊಂದು ಬರೆದಿಡ್ತೀನಿ."

ಗೇಟಿನ ತನಕ ಮೇಡಂ ಜೊತೆಗೆ ಬಂದರು. ಅವನು ಸೈಕಲ್ಲಿನ ಬೀಗ ತೆಗೆಯುತ್ತ, "ಬುಧವಾರ ಇನ್ನಿಲ್ಲ ಅಂದ್ರು" ಅಂದ.

"ಇಲ್ಲ."

"ಇನ್ನೂ ಮೂರು ಕಥೆ ಇತ್ತಲ್ಲ."

"ಇತ್ತು. ಬೇಕಾದ್ರೆ ಪುಸ್ತಕ ಕೊಡ್ತೀನಿ, ಓದಿ."

ಹಬೆಯಣ್ಣ ರಸ್ತೆಯ ಕಡೆ ನೋಡಿ ಲೆಕ್ಕ ಹಾಕಿದ. ಸೋಮವಾರಕ್ಕೆ ಇನ್ನು ಆರು ದಿನ ಇತ್ತು.

"ದಪ್ಪ ಇರೋದು ಬೇಡ" ಅಂದ.

ಮೇಡಂ ಒಳಗೆ ಹೋಗಿ ಕಪಾಟಿನ ಮುಂದೆ ಬಹಳ ಹೊತ್ತು ನಿಂತು, ಒಂದು ತೆಗೆದು, ಅದನ್ನಿಟ್ಟು ಇನ್ನೊಂದು ತೆಗೆದರು. ಹೊರಗೆ ಬಂದಾಗ ಅವನು ಸೈಕಲ್ಲಿಗೆ ಒರಗಿ ಕಾಯುತ್ತಿದ್ದ. ಪುಸ್ತಕ ತೆಗೆದುಕೊಂಡು, ಕೊನೆಯ ಪುಟದ ಸಂಖ್ಯೆ ನೋಡಿ, ಹಿಂದಿನ ಕ್ಯಾರಿಯರಿಗೆ ಸಿಕ್ಕಿಸಿಕೊಂಡು ಹೋದ.